ರಾತ್ರಿ ಹತ್ತೂವರೆಗೆ ಆಸ್ಪತ್ರೆ ಎಷ್ಟು ದೂರ?

ಪ್ರಶ್ನೆ: ಮೇಡಂ, ನಮ್ಮದು ಕಲ್ಯಾಣ ಕರ್ನಾಟಕದ ಕಡೆ, ಕೃಷ್ಣಾ ದಂಡೆಯ ಒಂದು ಹಳ್ಳಿ. ನಮ್ಮಲ್ಲಿ ಆಶಾ ಇದ್ದಾರೆ, 9 ಕಿಲೋಮೀಟರ್ ದೂರದಲ್ಲಿ ಪಿಎಚ್‌ಸಿ ಇದೆ, 108 ಇದೆ, ಆಯುಷ್ಮಾನ್ ಕಾರ್ಡೂ ಇದೆ. ಆದರೂ ಹೋದ ಚಳಿಗಾಲದಲ್ಲಿ ನಮ್ಮ ಅತ್ತಿಗೆಗೆ ಪಿಎಚ್‌ಸಿಯಲ್ಲಿ ಹೆರಿಗೆ ಆದ ಮೇಲೆ ರಕ್ತ ನಿಲ್ಲಲಿಲ್ಲ. ಪಿಎಚ್‌ಸಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಕಳಿಸಿದರು. ಶುರುವಾಗಿದ್ದು ರಾತ್ರಿ ಹತ್ತೂವರೆಗೆ, ರಕ್ತ ಏರಿಸಿದ್ದು ಬೆಳಗಿನ ಜಾವ ಮೂರೂಕಾಲಿಗೆ. ದೇವರ ದಯೆ, ಉಳಿದರು. ಈಗ ನಮ್ಮೂರಿಗೆ ಒಂದು ಸಂಶೋಧನಾ ತಂಡ ಬಂದು ಮನೆ ಮನೆಯಲ್ಲೂ ಫಾರ್ಮ್ ತುಂಬಿಸಿಕೊಳ್ಳುತ್ತಿದೆ. ಎಲ್ಲ ಇದ್ದೂ ಯಾಕೆ ಹೀಗಾಗುತ್ತೆ? ಈ ಸಂಶೋಧನೆಯಿಂದ ನಮಗೇನು ಸಿಗುತ್ತೆ? ನಾನು ಅವರಿಗೆ ಸಹಾಯ ಮಾಡಲೋ ಬೇಡವೋ?

ಉತ್ತರ: ನಿಮ್ಮ ಅತ್ತಿಗೆ ಉಳಿದರು ಅನ್ನೋ ಸಾಲಿಗೆ ಬರುವ ತನಕ ನಾನು ಉಸಿರು ಬಿಗಿಹಿಡಿದು ಓದಿದೆ. ಹತ್ತೂವರೆಯಿಂದ ಮೂರೂಕಾಲು ಅಂದರೆ ನಾಲ್ಕು ಮುಕ್ಕಾಲು ಗಂಟೆ. ಹೆರಿಗೆಯ ನಂತರದ ರಕ್ತಸ್ರಾವ ಜೋರಾಗಿ ಹಿಡಿದು, ಯಾರೂ ಏನೂ ಮಾಡದೆ ಬಿಟ್ಟರೆ ಎರಡು ಗಂಟೆಯಲ್ಲಿ ಜೀವ ಹೋಗಬಹುದು. ಅವರು ನಾಲ್ಕು ಮುಕ್ಕಾಲು ಗಂಟೆ ತಡೆದುಕೊಂಡಿದ್ದಾರೆ ಅಂದರೆ ದಾರಿಯಲ್ಲಿ ಯಾರೋ ಸರಿಯಾದ ಕೆಲಸ ಮಾಡಿರಬೇಕು. ಪಿಎಚ್‌ಸಿಯ ಸಿಸ್ಟರ್ ಇಂಜೆಕ್ಷನ್ ಕೊಟ್ಟಿರಬಹುದು, ಆಂಬುಲೆನ್ಸಿನಲ್ಲಿ ಪಕ್ಕದಲ್ಲೇ ಕೂತು ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ಒತ್ತಿ ಉಜ್ಜುತ್ತಾ ಬಂದಿರಬಹುದು. ಯಾರು, ಏನು ಮಾಡಿದರು ಅಂತ ಮನೆಯವರನ್ನು ಕೇಳಿ ತಿಳಿದುಕೊಳ್ಳಿ. ಅದು ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ "ಇದೆ" ಅನ್ನೋ ಮಾತು ಎಷ್ಟು ಸಲ ಬಂದಿದೆ ನೋಡಿ. ಆಶಾ ಇದ್ದಾರೆ, ಪಿಎಚ್‌ಸಿ ಇದೆ, 108 ಇದೆ, ಕಾರ್ಡ್ ಇದೆ. ಸರ್ಕಾರದ ಲೆಕ್ಕವೂ ಹೀಗೇ ಬರೆಯುತ್ತೆ. ಬಯಲು ಸೀಮೆಯಲ್ಲಿ 30 ಸಾವಿರ ಜನಕ್ಕೆ ಒಂದು ಪಿಎಚ್‌ಸಿ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20 ಸಾವಿರಕ್ಕೆ ಒಂದು, 5 ಸಾವಿರಕ್ಕೆ ಒಂದು ಉಪಕೇಂದ್ರ, ಸಾವಿರಕ್ಕೊಬ್ಬ ಆಶಾ. ಈ ಲೆಕ್ಕ ತಪ್ಪೇನಲ್ಲ. ಆದರೆ ಇದು ಕಟ್ಟಡದ ಕಡೆಯಿಂದ ನೋಡುವ ಲೆಕ್ಕ. ಹಳ್ಳಿಗಳ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಈ ಕೆಲಸದಲ್ಲಿ ನಾನು ಇಪ್ಪತ್ತು ವರ್ಷ ಕಲಿತದ್ದು ಒಂದೇ: ದೂರವನ್ನು ಆಸ್ಪತ್ರೆಯ ಬೋರ್ಡಿನಿಂದ ಅಳೆಯಬಾರದು, ಮನೆಯ ಹೊಸ್ತಿಲಿನಿಂದ ಅಳೆಯಬೇಕು. ಅದೂ ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ, ನಿಮಿಷದ ಲೆಕ್ಕದಲ್ಲಿ. ಮತ್ತೆ ಆ ನಿಮಿಷದಲ್ಲಿ ಅಲ್ಲಿ ಬಾಗಿಲು ತೆಗೆಯೋಕೆ ಯಾರಿದ್ದಾರೆ ಅನ್ನೋದನ್ನೂ ಸೇರಿಸಿ. ಬೆಳಗ್ಗೆ ಹನ್ನೊಂದಕ್ಕೆ 9 ಕಿಲೋಮೀಟರ್ ದೂರ ಇರುವ ಪಿಎಚ್‌ಸಿ, ರಾತ್ರಿ ಹತ್ತೂವರೆಗೆ ಅಷ್ಟೇ ದೂರ ಇರುವುದಿಲ್ಲ.

ಒಂದು ಘಟನೆ ಹೇಳುತ್ತೇನೆ. ತುಂಬಾ ವರ್ಷದ ಹಿಂದೆ, ನಿಮ್ಮ ಕಡೆಯದ್ದೇ ಒಂದು ಊರಲ್ಲಿ, ಒಬ್ಬ ಆಶಾ ಜೊತೆ ಓಡಾಡುತ್ತಿದ್ದೆ. ಬಸುರಿಯರು ಮನೆ ಬಿಟ್ಟು ಆಸ್ಪತ್ರೆಯ ಮಂಚ ಏರುವ ತನಕ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಗಡಿಯಾರ ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಒಂದು ಸಂಜೆ ಏಳಕ್ಕೆ ಒಬ್ಬ ಹುಡುಗಿಗೆ ನೋವು ಶುರುವಾಯಿತು. ಗಂಡ ಬೆಂಗಳೂರಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಅತ್ತೆ ಮಗನಿಗೆ ಫೋನ್ ಮಾಡಿದರು, ಎತ್ತಲಿಲ್ಲ. ಮಾವ ಹೊಲದಿಂದ ಬರಲಿ ಅಂತ ಕಾದರು. ಅಷ್ಟರಲ್ಲಿ ಎಂಟಾಯಿತು. 108ಕ್ಕೆ ಕರೆ ಮಾಡಿದ್ದು ಎಂಟೂ ಇಪ್ಪತ್ತಕ್ಕೆ. ಗಾಡಿ ಇನ್ನೊಂದು ಕೇಸಿಗೆ ಹೋಗಿದೆ ಅಂದರು, ಆಮೇಲೆ ಬಂದದ್ದು ಅದೇ ಹೆಸರಿನ ಇನ್ನೊಂದು ಊರಿಗೆ ಹೋಗಿ ನಿಂತಿತು. ಆಶಾ ತನ್ನ ಫೋನಿನಲ್ಲಿ, "ಅಣ್ಣಾ, ಹನುಮಪ್ಪನ ಗುಡಿ ದಾಟಿ, ಕೆನಾಲ್ ಏರಿ ಮೇಲೆ ಬರ್ರಿ, ಟಾರ್ಚ್ ಹಿಡ್ಕೊಂಡು ನಿಂತಿರ್ತೀನಿ" ಅಂತ ಹೇಳುತ್ತಲೇ ಇದ್ದಳು. ಕೊನೆಗೆ ಕೆನಾಲ್ ಏರಿಯ ತನಕ ಆ ಹುಡುಗಿಯನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಬಂದೆವು, ಟ್ರಾಲಿಗೆ ಎರಡು ಕೌದಿ ಹಾಸಿ. ಪಿಎಚ್‌ಸಿ ಮುಟ್ಟಿದಾಗ ಹತ್ತು ಗಂಟೆ. ದೂರ ಎಷ್ಟು ಗೊತ್ತಾ? 7 ಕಿಲೋಮೀಟರ್. ಆ ಹುಡುಗಿಗೆ ಏನೂ ಆಗಲಿಲ್ಲ, ಹೆಣ್ಣು ಮಗು ಹುಟ್ಟಿತು. ಆದರೆ ನನ್ನ ಪುಸ್ತಕದಲ್ಲಿ ಆ ಮೂರು ಗಂಟೆ ಹಾಗೇ ಉಳಿಯಿತು. ಜಿಲ್ಲಾ ವರದಿಯಲ್ಲಿ ಅದು "ಸಾಂಸ್ಥಿಕ ಹೆರಿಗೆ, 1", ಅಂದರೆ ಆಸ್ಪತ್ರೆಯಲ್ಲಿ ಆದ ಒಂದು ಹೆರಿಗೆ ಅಂತ ಮಾತ್ರ ದಾಖಲಾಯಿತು.

ಸಾಂಸ್ಥಿಕ ಹೆರಿಗೆಯ ಅಂಕಿ ನೋಡಿದರೆ ನಮ್ಮ ರಾಜ್ಯಕ್ಕೆ ನಿಜವಾಗಿ ಹೆಮ್ಮೆ ಪಡುವ ಕಾರಣ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 2005–06ರಲ್ಲಿ ಶೇ 65ರ ಹತ್ತಿರ ಇದ್ದದ್ದು 2019–20ರ ಹೊತ್ತಿಗೆ ಶೇ 97 ಆಯಿತು. ಹದಿನೈದು ವರ್ಷದೊಳಗೆ! ಇದರ ಹಿಂದೆ 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಇದೆ, ಜನನಿ ಸುರಕ್ಷಾ ಇದೆ, 2008ರಲ್ಲಿ ಬಂದ 108 ಇದೆ, ಎಲ್ಲಕ್ಕಿಂತ ಜಾಸ್ತಿ ಆಶಾಗಳ ಕಾಲು ಸವೆದಿದೆ. ಹಾಗಿದ್ದರೂ 2018–20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ತೀರಿಕೊಂಡರು. ತಮಿಳುನಾಡಿನಲ್ಲಿ 54, ಕೇರಳದಲ್ಲಿ 19. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂತು, ಅದರ ಜೊತೆಗೆ ಅಪಾಯದ ಒಂದು ಪಾಲೂ ಆಸ್ಪತ್ರೆಯ ಒಳಕ್ಕೆ ಬಂತು. ಬಾಗಿಲ ತನಕ ಕರೆತರುವ ಕೆಲಸ ಗೆದ್ದೆವು. ಬಾಗಿಲ ಒಳಗಿನದು ಇನ್ನೂ ಬಾಕಿ.

1994ರಲ್ಲಿ ಥಡಿಯಸ್ ಮತ್ತು ಮೇನ್ ಅನ್ನೋ ಇಬ್ಬರು ಸಂಶೋಧಕರು ತಾಯಂದಿರ ಸಾವಿನ ಹಿಂದೆ ಮೂರು ತಡ ಇರುತ್ತೆ ಅಂತ ಬರೆದರು. ಆಸ್ಪತ್ರೆಗೆ ಹೋಗೋಣ ಅಂತ ತೀರ್ಮಾನ ಮಾಡುವುದರಲ್ಲಿ ಆಗುವ ತಡ, ಹೋಗಿ ಮುಟ್ಟುವ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವ ತಡ. ನಿಮ್ಮ ಮನೆಯಲ್ಲಿ ಮೊದಲನೆಯದು ಆಗಿಲ್ಲ, ಎರಡನೆಯದೂ ಮೊದಲ ಹೆಜ್ಜೆಯಲ್ಲಿ ಆಗಿಲ್ಲ, ಹೆರಿಗೆ ಪಿಎಚ್‌ಸಿಯಲ್ಲೇ ಆಯಿತು. ಸಿಕ್ಕಿಹಾಕಿಕೊಂಡದ್ದು ಮೂರನೆಯದರಲ್ಲಿ. ಅದೂ ಮೂರು ಆಸ್ಪತ್ರೆಗಳಲ್ಲಿ ಹಂಚಿಹೋದ ತಡ.

ಪಿಎಚ್‌ಸಿಯ ಹೆರಿಗೆ ಕೋಣೆಯಿಂದ ನೋಡೋಣ. ಮಗು ಹುಟ್ಟಿದ ಕೂಡಲೇ ತಾಯಿಗೆ ಕೊಡುವ ಇಂಜೆಕ್ಷನ್ ಆಕ್ಸಿಟೋಸಿನ್. ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲಲಿ ಅಂತ. ಆ ಔಷಧ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ನಿಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ, ಕರೆಂಟ್ ಯಾವಾಗ ಹೋಗುತ್ತೆ ಯಾರಿಗೂ ಗೊತ್ತಿಲ್ಲ. ಒಂದು ಕೇಂದ್ರದಲ್ಲಿ ನಾನು ನೋಡಿದ್ದೇನೆ, ಆ ಪುಟ್ಟ ಗಾಜಿನ ಸೀಸೆಗಳು ಹೆರಿಗೆ ಕೋಣೆಯ ಕಿಟಕಿ ಪಕ್ಕದ ಟ್ರೇಯಲ್ಲಿ ಬಿಸಿಲಿಗೆ ಬೆಚ್ಚಗಾಗಿ ಕೂತಿದ್ದವು. ಯಾಕಮ್ಮ ಇಲ್ಲಿ ಅಂದೆ. ಫ್ರಿಜ್ ಫಾರ್ಮಸಿ ಕೋಣೆಯಲ್ಲಿದೆ, ರಾತ್ರಿ ಅದಕ್ಕೆ ಬೀಗ, ಕೀ ಇರೋರು ತಾಲ್ಲೂಕಿನಲ್ಲಿ ಇರ್ತಾರೆ, ರಾತ್ರಿ ಬೇಕಾದರೆ ಏನು ಮಾಡಲಿ ಮೇಡಂ ಅಂತ ಸಿಸ್ಟರ್ ಕೇಳಿದರು. ಅವರ ಹತ್ತಿರ ಬೇರೆ ದಾರಿ ಇರಲಿಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಆಕ್ಸಿಟೋಸಿನ್ "ಇದೆ". ಕೊಟ್ಟರೂ ಅದು ಕೆಲಸ ಮಾಡುತ್ತಾ ಅನ್ನೋದು ರಿಜಿಸ್ಟರಿನಲ್ಲಿ ಇರುವುದಿಲ್ಲ. ಒಂದು ಕೀಯಿಂದ ಸರಿಹೋಗುವ ಸಮಸ್ಯೆ ಇದು. ಆದರೆ ಆ ಕೀ ಬಗ್ಗೆ ಯಾವ ಫಾರ್ಮಿನಲ್ಲೂ ಪ್ರಶ್ನೆ ಇಲ್ಲ.

ಸಂಶೋಧನೆಯಿಂದ ನಮಗೇನು ಸಿಗುತ್ತೆ ಅಂದಿರಲ್ಲ, ಇಲ್ಲೇ ಒಂದು ಉತ್ತರ ಇದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಅಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 1,620 ಹೆಂಗಸರ ಮೇಲೆ ಒಂದು ಅಧ್ಯಯನ ಮಾಡಿದರು. ಮಿಸೊಪ್ರೊಸ್ಟಾಲ್ ಅನ್ನೋ ಮಾತ್ರೆ, ಫ್ರಿಜ್ ಬೇಡ, ಸೂಜಿ ಬೇಡ, ಬಾಯಲ್ಲಿ ನುಂಗಿದರೆ ಸಾಕು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರಿಗೆ ಮಾಡಿಸುವ ಎಎನ್‌ಎಂ ಸಿಸ್ಟರ್‌ಗಳೇ ಕೊಟ್ಟರು. ಮಾತ್ರೆ ಸಿಗದವರಲ್ಲಿ ಶೇ 12 ಜನರಿಗೆ ಅತಿ ರಕ್ತಸ್ರಾವ ಆದರೆ, ಮಾತ್ರೆ ಸಿಕ್ಕವರಲ್ಲಿ ಶೇ 6.4 ಜನರಿಗೆ. ಹೆಚ್ಚುಕಡಿಮೆ ಅರ್ಧ. ಇದು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೆಳಗಾವಿಯ ಹಳ್ಳಿ ಹೆಂಗಸರು ಒಪ್ಪಿ ಸಹಿ ಹಾಕಿದ್ದು, ಹೆಬ್ಬೆಟ್ಟು ಒತ್ತಿದ್ದು ಇವತ್ತು ಎಲ್ಲೋ ದೂರದ ದೇಶದ ತಾಯಿಯ ಜೀವಕ್ಕೂ ಆಗಿದೆ.

ಆ ಅಧ್ಯಯನದ ಇನ್ನೊಂದು ಕೊಡುಗೆಯ ಬಗ್ಗೆ ನನಗೆ ವಿಶೇಷ ಪ್ರೀತಿ. ಎಷ್ಟು ರಕ್ತ ಹೋಯಿತು ಅಂತ ಅಲ್ಲಿಯವರೆಗೆ ಎಲ್ಲರೂ ಕಣ್ಣಂದಾಜಿನಲ್ಲೇ ಹೇಳುತ್ತಿದ್ದರು. ರಕ್ತ ಬಟ್ಟೆಗೆ ಹೀರಿಕೊಳ್ಳುತ್ತೆ, ನೆಲಕ್ಕೆ ಹೋಗುತ್ತೆ, ಅಂದಾಜು ಯಾವಾಗಲೂ ಕಡಿಮೆಯೇ ಬರುತ್ತೆ. ಬೆಳಗಾವಿಯ ತಂಡ ತಾಯಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ ಮಾಡಿತು. ಅದರ ತುದಿಯಲ್ಲಿ ಆಲಿಕೆಯ ಥರದ ಚೀಲ, ಚೀಲದ ಮೇಲೆ ಅಳತೆಯ ಗೆರೆ. ನಾವು ಹಾಲು ಅಳೆದ ಹಾಗೆ ಅಷ್ಟೇ. ಗೆರೆ ದಾಟಿತಾ, ತಡ ಮಾಡಬೇಡಿ, ಚಿಕಿತ್ಸೆ ಶುರು ಮಾಡಿ. ಇದೇ ಬಗೆಯ ಅಳತೆ ಚೀಲವನ್ನು ಇಟ್ಟುಕೊಂಡು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ದೊಡ್ಡ ಪ್ರಯೋಗ ನಡೆದು 2023ರಲ್ಲಿ ಫಲಿತಾಂಶ ಬಂತು. ರಕ್ತಸ್ರಾವವನ್ನು ಗುರುತು ಹಿಡಿಯುವುದು ಶೇ 51ರಿಂದ ಶೇ 93ಕ್ಕೆ ಏರಿತು. ಅಳೆದು, ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟ ಕಡೆ ತೀವ್ರ ರಕ್ತಸ್ರಾವ, ಹೊಟ್ಟೆ ಕೊಯ್ಯಬೇಕಾದ ಸ್ಥಿತಿ, ಸಾವು, ಈ ಮೂರೂ ಸೇರಿದ ಲೆಕ್ಕ ಶೇ 60ರಷ್ಟು ಇಳಿಯಿತು. ನಿಮ್ಮ ಪಿಎಚ್‌ಸಿಯಲ್ಲಿ ಆ ರಾತ್ರಿ ರಕ್ತವನ್ನು ಯಾರಾದರೂ ಅಳೆದರಾ, ಅಥವಾ ಬಟ್ಟೆ ಒದ್ದೆಯಾದಾಗ ಗಾಬರಿಯಾಗಿ ಗೊತ್ತಾಯಿತಾ? ಕೇಳಿ ನೋಡಿ. ಜಗಳಕ್ಕೆ ಬೇಡ, ತಿಳಿದುಕೊಳ್ಳೋಕೆ.

ಸಿಸ್ಟರ್‌ಗಳ ಮೇಲೆ ಸಿಟ್ಟಾಗಬೇಡಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಒಬ್ಬರೇ ರಾತ್ರಿ ಡ್ಯೂಟಿಯಲ್ಲಿ ಇರುವ ಸಿಸ್ಟರ್ ಕಷ್ಟದ ಹೆರಿಗೆಯನ್ನು ವರ್ಷಕ್ಕೆ ಎಷ್ಟು ಸಲ ನೋಡಿಯಾರು? ಕೈಗೆ ಅಭ್ಯಾಸವೇ ಇರುವುದಿಲ್ಲ. ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ 108 ಪಿಎಚ್‌ಸಿಗಳಲ್ಲಿ ಒಂದು ಅಧ್ಯಯನ ನಡೆಯಿತು. ಅರ್ಧ ಕೇಂದ್ರಗಳಿಗೆ ಅನುಭವಿ ನರ್ಸ್‌ಗಳೇ ಹೋಗಿ, ಅಲ್ಲೇ ಕೂತು, ಅಲ್ಲಿನ ಸಿಸ್ಟರ್‌ಗಳ ಜೊತೆ ಸೇರಿ ಕೆಲಸ ಹೇಳಿಕೊಟ್ಟರು. ಮೇಲಧಿಕಾರಿ ಥರ ತಪಾಸಣೆಗೆ ಬಂದವರಲ್ಲ, ಅಕ್ಕ ತಂಗಿಗೆ ಹೇಳಿಕೊಟ್ಟ ಹಾಗೆ. ಆ ಕೇಂದ್ರಗಳಲ್ಲಿ ತಯಾರಿಯೂ ತಿಳಿವಳಿಕೆಯೂ ಸ್ಪಷ್ಟವಾಗಿ ಹೆಚ್ಚಾಯಿತು. ನಾನು ನೋಡಿದ ಎಷ್ಟೋ ಊರಲ್ಲಿ ಪಿಎಚ್‌ಸಿಗೆ ಹೊಸ ಬಣ್ಣ, ಹೊಸ ಟೈಲ್ಸ್ ಬಂದಿದೆ. ಹೇಳಿಕೊಡುವ ಅಕ್ಕ ಬಂದಿಲ್ಲ.

ತಾಲ್ಲೂಕು ಮಟ್ಟದ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ನಿಮಗೇ ಗೊತ್ತು. ರಕ್ತ ಕೊಡೋಕೆ ರಕ್ತ ಬೇಕು, ಹೊಟ್ಟೆ ಕೊಯ್ಯೋಕೆ ಸ್ತ್ರೀರೋಗ ತಜ್ಞರು ಬೇಕು, ಅರಿವಳಿಕೆ ಕೊಡೋಕೆ ಇನ್ನೊಬ್ಬ ತಜ್ಞರು ಬೇಕು. ಈ ಮೂರರಲ್ಲಿ ಒಂದಿಲ್ಲದಿದ್ದರೂ ಇನ್ನೆರಡು ಇದ್ದು ಪ್ರಯೋಜನ ಇಲ್ಲ. ಕೇಂದ್ರ ಸರ್ಕಾರದ್ದೇ 2021–22ರ ಅಂಕಿಅಂಶದ ಪ್ರಕಾರ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ತಜ್ಞ ವೈದ್ಯರಲ್ಲಿ ಸುಮಾರು ಶೇ 80 ಮಂದಿಯ ಕೊರತೆ ಇದೆ. ಹಾಗಾಗಿ "ರೆಫರ್" ಅನ್ನೋ ಪದ ಚಿಕಿತ್ಸೆಯ ಹೆಸರಾಗಿಬಿಟ್ಟಿದೆ. ನಿಮ್ಮ ಅತ್ತಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟು ನಿಮಿಷ ಇದ್ದರು, ಅಲ್ಲಿ ಅವರಿಗೆ ಏನು ಮಾಡಿದರು ಅಂತ ನೆನಪು ಮಾಡಿಕೊಳ್ಳಿ. ಅಲ್ಲಿ ಏನೂ ಆಗದಿದ್ದರೆ, ರಕ್ತ ಇಲ್ಲ ಅನ್ನೋದು ಪಿಎಚ್‌ಸಿಯಲ್ಲಿ ಇರುವಾಗಲೇ ಒಂದು ಫೋನಿನಲ್ಲಿ ಗೊತ್ತಾಗಿದ್ದರೆ, ಆಂಬುಲೆನ್ಸ್ ನೇರ ಜಿಲ್ಲೆಗೇ ಹೋಗಬಹುದಿತ್ತು.

ಇನ್ನು ಕಾರ್ಡಿನ ಮಾತು. ಕಾರ್ಡ್ ಬೇಕು, ಖಂಡಿತ ಬೇಕು. ಇದಕ್ಕೆ ನಮ್ಮ ರಾಜ್ಯದ್ದೇ ಗಟ್ಟಿ ಪುರಾವೆ ಇದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಉತ್ತರದ ಜಿಲ್ಲೆಗಳಲ್ಲಿ ಮಾತ್ರ ಶುರುವಾಯಿತು. ಹೃದಯ, ಕ್ಯಾನ್ಸರ್, ಕಿಡ್ನಿ ಥರದ ದೊಡ್ಡ ಕಾಯಿಲೆಗಳಿಗೆ ಬಿಪಿಎಲ್ ಕುಟುಂಬಗಳಿಗೆ ಉಚಿತ ಚಿಕಿತ್ಸೆ. ಯೋಜನೆ ಇದ್ದ ಕಡೆ ಮತ್ತು ಇಲ್ಲದ ಕಡೆಯ ಗಡಿ ಇತ್ತಲ್ಲ, ಆ ಗಡಿಯ ಆಚೆ ಈಚೆ ಇರುವ, ಒಂದನ್ನೊಂದು ಹೋಲುವ 572 ಹಳ್ಳಿಗಳನ್ನು ಸಂಶೋಧಕರು ಹೋಲಿಸಿದರು. ಒಂದೇ ಮಳೆ, ಒಂದೇ ಬೆಳೆ, ಒಂದೇ ಥರದ ಜನ, ಕಾರ್ಡ್ ಮಾತ್ರ ಒಂದು ಕಡೆ. ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು, ಕಾರ್ಡ್ ಇದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90. ಸುಮಾರು ಮೂರರಲ್ಲಿ ಎರಡು ಪಾಲು ಕಡಿಮೆ. ಇದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಎರಡೂ ಕಡೆಯ ಬಿಪಿಎಲ್ ಅಲ್ಲದ ಮನೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಹಾಗಾಗಿ ಇದು ಆಕಸ್ಮಿಕ ಅನ್ನೋಕೆ ಬರೋದಿಲ್ಲ.

ಆದರೆ ಗಮನಿಸಿ. ಆ ಕಾಯಿಲೆಗಳಲ್ಲಿ ಹೆಚ್ಚಿನವು ಒಂದು ವಾರ, ಒಂದು ತಿಂಗಳು ಟೈಮ್ ಕೊಡುತ್ತವೆ. ಪೇಪರ್ ಮಾಡಿಸಬಹುದು, ಬಸ್ ಹತ್ತಬಹುದು, ನೆಂಟರ ಮನೆಯಲ್ಲಿ ಉಳಿದುಕೊಳ್ಳಬಹುದು. ರಕ್ತಸ್ರಾವ, ಹಾವು ಕಡಿತ, ಮಗುವಿನ ಉಸಿರಾಟದ ತೊಂದರೆ ಟೈಮ್ ಕೊಡೋದಿಲ್ಲ. ಅಲ್ಲಿ ದುಡ್ಡಿಗಿಂತ ಮೊದಲು ಹತ್ತಿರದಲ್ಲಿ ಒಂದು ಕೈ ಬೇಕು. ಕಾರ್ಡ್ ದೊಡ್ಡ ಆಸ್ಪತ್ರೆಯ ಬಿಲ್ ಕಟ್ಟುತ್ತೆ, ಮೊದಲ ಎರಡು ಗಂಟೆಯನ್ನು ಕಟ್ಟಿಕೊಡೋದಿಲ್ಲ. ನಿಮ್ಮ ಮನೆಯಲ್ಲಿ ಕಾರ್ಡ್ ಇದ್ದೂ ಹಾಗಾದದ್ದು ಇದಕ್ಕೇ.

ಈ ಮೊದಲ ಎರಡು ಗಂಟೆಯ ಜಾಗದಲ್ಲಿ ಹಳ್ಳಿಯಲ್ಲಿ ಯಾರಿದ್ದಾರೆ? ಆರ್‌ಎಂಪಿ ಡಾಕ್ಟರು, ಅಂದರೆ ವೈದ್ಯ ಪದವಿ ಇಲ್ಲದೆಯೇ ಊರಲ್ಲಿ ಔಷಧ ಕೊಡುವವರು. ಅರ್ಥಶಾಸ್ತ್ರಜ್ಞ ಜಿಷ್ಣು ದಾಸ್ ಮತ್ತವರ ಜೊತೆಗಾರರು 19 ರಾಜ್ಯಗಳ ಸಾವಿರದೈನೂರಕ್ಕೂ ಜಾಸ್ತಿ ಹಳ್ಳಿಗಳಲ್ಲಿ ಲೆಕ್ಕ ಹಾಕಿದಾಗ, ಹಳ್ಳಿಯಲ್ಲಿ ಚಿಕಿತ್ಸೆ ಕೊಡುವವರಲ್ಲಿ ಶೇ 68 ಮಂದಿಗೆ ಯಾವ ಅಧಿಕೃತ ವೈದ್ಯಕೀಯ ತರಬೇತಿಯೂ ಇರಲಿಲ್ಲ. ಇವರ ಸ್ಟಿರಾಯ್ಡ್ ಇಂಜೆಕ್ಷನ್, ಬೇಕಾಬಿಟ್ಟಿ ಆ್ಯಂಟಿಬಯಾಟಿಕ್ ನನಗೆ ಸುತರಾಂ ಒಪ್ಪಿಗೆ ಇಲ್ಲ. ಆದರೆ ಜನ ಅವರ ಹತ್ತಿರ ಯಾಕೆ ಹೋಗುತ್ತಾರೆ ಅಂತ ಕೇಳಿದಾಗ ಒಬ್ಬ ಅಜ್ಜಿ ನನಗೆ ಹೇಳಿದ್ದು ಇಷ್ಟು: "ಅವ ಕದ ತಗೀತಾನವ್ವಾ. ಉದ್ರಿ ಕೊಡ್ತಾನ. ಏನಾಗೇತಿ ಅಂತ ಕೇಳ್ತಾನ." ಬಾಗಿಲು, ಸಾಲ, ಮಾತು. ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಬ್ಯಾನರ್ಜಿ, ಡೀಟನ್ ಮತ್ತು ಡುಫ್ಲೊ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸದ ವೇಳೆಯಲ್ಲೇ ಹೋಗಿ ನೋಡಿದರೂ ಉಪಕೇಂದ್ರಗಳು ಶೇ 56ರಷ್ಟು ಸಲ ಬಾಗಿಲು ಹಾಕಿದ್ದವು. ಆ ಅಜ್ಜಿ ಒಂದೇ ಉಸಿರಲ್ಲಿ ಹೇಳಿದ್ದನ್ನು ತಿಳಿಯೋಕೆ ನಮಗೆ ಅಷ್ಟು ದೊಡ್ಡ ಅಧ್ಯಯನ ಬೇಕಾಯಿತು.

ಮನೆಯೊಳಗಿನ ಅಂತರ ಇನ್ನೊಂದು. ಇದರ ಬಗ್ಗೆ ನಾವು ಮಾತೇ ಆಡೋದಿಲ್ಲ. ಬೆಂಗಳೂರಿನ ಐಐಎಂನಲ್ಲಿದ್ದ ಗೀತಾ ಸೇನ್, ಅದಿತಿ ಅಯ್ಯರ್ ಮತ್ತು ಜೊತೆಗಾರರು ಕೊಪ್ಪಳದ 60 ಹಳ್ಳಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ಒಂದು ಮನೆಯಲ್ಲಿ ದುಡ್ಡು ಕಡಿಮೆಯಾದಾಗ ಯಾರ ಮಾತ್ರೆ ಮೊದಲು ನಿಲ್ಲುತ್ತೆ ಅಂತ ನೋಡಿದರೆ, ಎಲ್ಲರಿಗಿಂತ ಕೆಳಗೆ ಇದ್ದವರು ಬಡ ಮನೆಯ ಹೆಂಗಸರು. ಹಾಗಾಗಿ "ಹಳ್ಳಿ" ಅಂತ ಒಂದೇ ಲೆಕ್ಕ ಹಿಡಿದರೆ ಅಸಲು ವಿಷಯ ತಪ್ಪಿಹೋಗುತ್ತೆ. ಗೌಡರ ಮನೆಯ ಜೀಪು ಮತ್ತು ಕೇರಿಯ ಕೊನೆಯ ಮನೆ ಒಂದೇ ಪಿಎಚ್‌ಸಿಗೆ 9 ಕಿಲೋಮೀಟರ್ ದೂರದಲ್ಲಿವೆ. ಎರಡೂ ಒಂದೇ ದೂರವಾ?

ಸರಾಸರಿಯ ಮೋಸವೂ ಇಂಥದ್ದೇ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39, ಆ 39ರಲ್ಲಿ 21 ಕಲಬುರಗಿ ವಿಭಾಗದವು. ತಾಲ್ಲೂಕುವಾರು ಲೆಕ್ಕ ಹಾಕಿದ್ದರಿಂದ ಅದು ಕಣ್ಣಿಗೆ ಬಿತ್ತು. ರಾಜ್ಯದ ಸರಾಸರಿಯಲ್ಲಿ ನಿಮ್ಮ ಊರು ಕಾಣೋದೇ ಇಲ್ಲ. ಇದು ನಮ್ಮ ದೇಶಕ್ಕೆ ಮಾತ್ರ ಅಂಟಿದ ರೋಗವೂ ಅಲ್ಲ. ವೇಲ್ಸ್ ದೇಶದ ಗಣಿ ಹಳ್ಳಿಯೊಂದರಲ್ಲಿ ಡಾಕ್ಟರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿದ್ದರು, ಯಾರಿಗೆ ಚಿಕಿತ್ಸೆ ಜಾಸ್ತಿ ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತೆ ಅಂತ.

ಈಗ ನಿಮ್ಮ ಊರಿಗೆ ಬಂದ ತಂಡದ ವಿಷಯ. ಸಹಾಯ ಮಾಡಿ. ಆದರೆ ಕೇಳಬೇಕಾದ್ದನ್ನು ಕೇಳಿಯೇ ಮಾಡಿ. ಸಂಶೋಧನೆಯಲ್ಲಿ ಜನರಿಗೆ ಅನ್ಯಾಯ ಆಗದ ಹಾಗೆ ನೋಡುವ ಯಾವ ಎಥಿಕ್ಸ್ ಕಮಿಟಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ? ಕನ್ನಡದಲ್ಲಿ ಮಾಹಿತಿ ಪತ್ರ ಎಲ್ಲಿ? ಬೇಡ ಅನ್ನಿಸಿದರೆ ಮಧ್ಯದಲ್ಲಿ ಬಿಡಬಹುದಾ? ಹೆಸರು ಗುಟ್ಟಾಗಿ ಇರುತ್ತಾ? ಇದೆಲ್ಲ ಕೇಳೋದು ನಿಮ್ಮ ಹಕ್ಕು, ಸರಿಯಾದ ತಂಡ ಇದಕ್ಕೆ ಬೇಸರ ಮಾಡಿಕೊಳ್ಳೋದಿಲ್ಲ. ಯಾರಾದರೂ "ಫಾರ್ಮ್ ತುಂಬದಿದ್ದರೆ ಕಾರ್ಡ್ ಕಟ್ ಆಗುತ್ತೆ" ಅಂದರೆ ಅದು ಶುದ್ಧ ಸುಳ್ಳು. ಅಂಥವರನ್ನು ವಾಪಸ್ ಕಳಿಸಿ.

ಮತ್ತೆ ಒಂದು ಪ್ರಶ್ನೆಯನ್ನು ಮರೆಯದೆ ಕೇಳಿ: ಫಲಿತಾಂಶ ನಮ್ಮ ಊರಿಗೆ ಯಾವಾಗ ತರ್ತೀರಿ? ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ಆ ಟ್ರ್ಯಾಕ್ಟರಿನ ಹುಡುಗಿಯ ಊರಿಗೆ ನಾನು ವಾಪಸ್ ಹೋಗಿ, ನಿಮ್ಮಿಂದ ಇದು ಗೊತ್ತಾಯಿತು ಅಂತ ಹೇಳಿದ್ದು ಆರು ವರ್ಷದ ನಂತರ. ಅಷ್ಟರಲ್ಲಿ ಆ ಆಶಾ ಕೆಲಸ ಬಿಟ್ಟಿದ್ದಳು. ಅವಳ ಟಾರ್ಚಿನ ಬೆಳಕಲ್ಲಿ ಬರೆದುಕೊಂಡ ಲೆಕ್ಕವನ್ನು ಅವಳೇ ನೋಡಲಿಲ್ಲ. ಅದು ನನ್ನ ತಪ್ಪು. ನಿಮ್ಮ ಊರಲ್ಲಿ ಹಾಗಾಗಲು ಬಿಡಬೇಡಿ. ವರದಿಯ ಎರಡು ಪುಟದ ಕನ್ನಡ ಸಾರಾಂಶವನ್ನು ಗ್ರಾಮಸಭೆಯಲ್ಲಿ ಓದಬೇಕು ಅಂತ ಮೊದಲೇ ಮಾತು ತೆಗೆದುಕೊಳ್ಳಿ.

ನಿಮ್ಮ ಅತ್ತಿಗೆಯ ಕಥೆಗೆ ನಮ್ಮ ಕ್ಷೇತ್ರದಲ್ಲಿ ಒಂದು ಹೆಸರಿದೆ, ನಿಯರ್ ಮಿಸ್. ಸಾವಿನ ಬಾಗಿಲಿಗೆ ಹೋಗಿ ವಾಪಸ್ ಬಂದವರು. ತಾಯಿ ತೀರಿಕೊಂಡರೆ ಪರಿಶೀಲನೆ ಮಾಡಬೇಕು ಅನ್ನೋ ಕ್ರಮ 2010ರಿಂದ ದೇಶದಲ್ಲಿದೆ. ಬದುಕಿ ಉಳಿದವರ ಪರಿಶೀಲನೆಗೂ ಕೇಂದ್ರ ಸರ್ಕಾರ 2014ರಲ್ಲಿ ಮಾರ್ಗಸೂಚಿ ಮಾಡಿದೆ. ನನಗೆ ಕೇಳಿದರೆ ಇವರಿಂದ ಕಲಿಯೋದು ಇನ್ನೂ ಜಾಸ್ತಿ, ಯಾಕೆಂದರೆ ಇವರೇ ಬಾಯಿಬಿಟ್ಟು ಹೇಳಬಲ್ಲರು. ಕೊಪ್ಪಳದ ಅಧ್ಯಯನದಲ್ಲಿ ಒಂದೇ ಸಾವನ್ನು ಮನೆಯವರು ಒಂದು ಥರ, ಎಎನ್‌ಎಂ ಒಂದು ಥರ, ಆಸ್ಪತ್ರೆ ಇನ್ನೊಂದು ಥರ ಹೇಳಿದ್ದು ದಾಖಲಾಗಿದೆ. ಎಲ್ಲವನ್ನೂ ಪಕ್ಕಪಕ್ಕ ಇಟ್ಟಾಗಲೇ ಎಲ್ಲಿ ಕೈತಪ್ಪಿತು ಅಂತ ಗೊತ್ತಾಗುತ್ತೆ.

ಹಾಗಾಗಿ ನೀವು ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ಅತ್ತಿಗೆ, ಅವರ ಜೊತೆ ಹೋದವರು, ಆಶಾ, ಎಲ್ಲರನ್ನೂ ಕೂರಿಸಿಕೊಂಡು ಆ ರಾತ್ರಿಯನ್ನು ಗಂಟೆ ನಿಮಿಷದ ಸಮೇತ ಬರೆಯಿರಿ. ಫೋನಿನ ಕಾಲ್ ಲಿಸ್ಟ್ ಇದ್ದರೆ ನೋಡಿ, ಟೈಮ್ ಅದರಲ್ಲೇ ಸಿಗುತ್ತೆ. ತಾಯಿ ಕಾರ್ಡ್, ರೆಫರ್ ಚೀಟಿ, ಡಿಸ್ಚಾರ್ಜ್ ಕಾಗದ ಜೊತೆಗಿಡಿ. ಏನು ಕೊಟ್ಟರು, ಯಾರು ಜೊತೆಗೆ ಬಂದರು, ಎಲ್ಲಿ ಎಷ್ಟು ಹೊತ್ತು ಕಾದರು, ಕೈಯಿಂದ ಎಷ್ಟು ಖರ್ಚಾಯಿತು. ಒಳ್ಳೆಯದು ಮಾಡಿದವರನ್ನೂ ಬರೆಯಿರಿ, ನಾನು ಮೊದಲೇ ಕೇಳಿದ್ದು ಇದಕ್ಕೇ. ಒಂದು ಪ್ರತಿ ಸಂಶೋಧನಾ ತಂಡಕ್ಕೆ, ಒಂದು ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿಗೆ, ಇನ್ನೊಂದು ನಿಮ್ಮ ಊರಿನ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ. "ಆಸ್ಪತ್ರೆ ಸರಿ ಇಲ್ಲ" ಅಂತ ಅರ್ಜಿ ಕೊಟ್ಟರೆ ಅದು ಫೈಲಿಗೆ ಹೋಗುತ್ತೆ. "ರಾತ್ರಿ ಫ್ರಿಜ್ ಕೀ ಸಿಸ್ಟರ್ ಹತ್ತಿರ ಇರಬೇಕು, ರೆಫರ್ ಮಾಡುವ ಮೊದಲು ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ರಕ್ತ ಇದೆಯಾ ಕೇಳಬೇಕು" ಅಂತ ಕೊಟ್ಟರೆ ಮಾಡೋದಿಲ್ಲ ಅನ್ನೋದು ಕಷ್ಟ.

ಕೊನೆಗೆ ಅತ್ತಿಗೆಯ ಆರೋಗ್ಯ. ಅಷ್ಟು ರಕ್ತ ಹೋದವರು ತಿಂಗಳುಗಟ್ಟಲೆ ಸುಸ್ತಾಗಿರುತ್ತಾರೆ, ಮನೆಯವರು ಅದನ್ನು ಬಾಣಂತಿ ಆಲಸ್ಯ ಅಂದುಕೊಳ್ಳುತ್ತಾರೆ. ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮೊದಲೇ ರಕ್ತಹೀನತೆ ಇದೆ. ಈ ವಾರವೇ ಪಿಎಚ್‌ಸಿಗೆ ಕರೆದುಕೊಂಡು ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ ಕಬ್ಬಿಣಾಂಶದ ಮಾತ್ರೆ ಸಾಕಾ, ಇಂಜೆಕ್ಷನ್ ಬೇಕಾ ಅಂತ ಡಾಕ್ಟರ್ ಹೇಳುತ್ತಾರೆ. ಮಾತ್ರೆ ಕೊಟ್ಟರೆ ಚಹಾ ಜೊತೆ ನುಂಗಬಾರದು. ಮುಂದಿನ ಬಸಿರಿಗೆ ಅವಸರ ಬೇಡ, ಕನಿಷ್ಠ ಎರಡು ವರ್ಷ ಬಿಡಲಿ, ಅದಕ್ಕೆ ಏನು ಬಳಸಬೇಕು ಅಂತ ಸಿಸ್ಟರ್ ಹತ್ತಿರ ಅತ್ತಿಗೆಯೇ ಮಾತಾಡಲಿ. ಒಮ್ಮೆ ಹೀಗೆ ರಕ್ತಸ್ರಾವ ಆದವರಿಗೆ ಮತ್ತೆ ಆಗುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಆದ್ದರಿಂದ ಮುಂದಿನ ಸಲ ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಪೆನ್ನಿನಲ್ಲಿ "ಹಿಂದಿನ ಹೆರಿಗೆಯಲ್ಲಿ ಅತಿ ರಕ್ತಸ್ರಾವ, ರಕ್ತ ಕೊಡಲಾಗಿದೆ" ಅಂತ ಬರೆಸಿ, ಅವರ ರಕ್ತದ ಗುಂಪನ್ನೂ ಪಕ್ಕದಲ್ಲಿ ಬರೆಸಿ. ಮತ್ತೆ ಹೆರಿಗೆಯನ್ನು ರಕ್ತ ಮತ್ತು ಆಪರೇಷನ್ ಸೌಲಭ್ಯ ಎರಡೂ ಇರುವ ಆಸ್ಪತ್ರೆಯಲ್ಲೇ ಮಾಡಿಸಿ. ದಿನ ಹತ್ತಿರ ಬಂದಾಗ ನೋವು ಶುರುವಾಗುವ ತನಕ ಕಾಯದೆ, ಒಂದು ವಾರ ಮುಂಚೆಯೇ ಆ ಊರಿನ ನೆಂಟರ ಮನೆಗೆ ಕರೆದುಕೊಂಡು ಹೋಗಿ ಇರಿಸಿ.